ಕೆಳದವಡೆಯ ಹಲ್ಲು ಒಡೆದಾಗ ಅಥವಾ ಹೋದಾಗ: ಕ್ಯಾಪಿನಿಂದ ಇಂಪ್ಲಾಂಟಿನವರೆಗೆ

ಶಾಶ್ವತ ಹಲ್ಲುಗಳಲ್ಲಿ ಬಹಳ ಮಂದಿ ಮೊದಲು ಕಳೆದುಕೊಳ್ಳುವುದು ಕೆಳದವಡೆಯ ಮೊದಲ ದವಡೆ ಹಲ್ಲನ್ನು. ಸುಮಾರು 6ನೆಯ ವಯಸ್ಸಿಗೆ, ಯಾವ ಹಾಲುಹಲ್ಲೂ ಬೀಳದೆ ಸಾಲಿನ ಹಿಂತುದಿಯಲ್ಲಿ ಅದು ಮೂಡುವುದರಿಂದ, ಅದೂ ಹಾಲುಹಲ್ಲೇ ಎಂದು ಭಾವಿಸಿ ಹುಳುಕು ಹಿಡಿದರೂ ಸುಮ್ಮನಿರುವ ಮನೆಗಳು ಈಗಲೂ ಇವೆ. ಅಗಿಯುವ ಕೆಲಸದ ದೊಡ್ಡ ಪಾಲನ್ನು ಹೊರುವ ಈ ಹಲ್ಲು ಹಾಳಾದಾಗ ಯಾವ ಕ್ರಮದಲ್ಲಿ ತೀರ್ಮಾನ ತೆಗೆದುಕೊಳ್ಳಬೇಕೆಂಬುದನ್ನು ಇಲ್ಲಿ ವಿವರಿಸಿದೆ. ಉಳಿದ ಹಲ್ಲುಗಳಿಗೂ ಬಹುಮಟ್ಟಿಗೆ ಇದೇ ಕ್ರಮ ಅನ್ವಯಿಸುತ್ತದೆ.

ಇಂಪ್ಲಾಂಟಿನ, ಅಂದರೆ ಮೂಳೆಯಲ್ಲಿ ಕೂರಿಸುವ ಕೃತಕ ಬೇರಿನ, ಮಾತಿಗೆ ಮುನ್ನ ಕೇಳಬೇಕಾದ ಪ್ರಶ್ನೆ, ಇರುವ ಬೇರನ್ನು ಉಳಿಸಿಕೊಳ್ಳಲು ಸಾಧ್ಯವೇ ಎಂಬುದು. ಮೇಲ್ಭಾಗ ಎಷ್ಟೇ ಕೆಟ್ಟುಹೋದಂತೆ ಕಂಡರೂ, ವಸಡಿನ ಮೇಲೆ ಸುತ್ತಲೂ 1.5ರಿಂದ 2 ಮಿಲಿಮೀಟರಿನಷ್ಟು ಗಟ್ಟಿ ಹಲ್ಲು ಉಳಿದಿದ್ದು, ಬೇರು ಉದ್ದಕ್ಕೆ ಸೀಳಿರದಿದ್ದರೆ, ಸಾಮಾನ್ಯವಾಗಿ ರೂಟ್ ಕೆನಾಲ್ (ಬೇರಿನೊಳಗಿನ ಕೆಟ್ಟ ತಿರುಳನ್ನು ತೆಗೆದು ತುಂಬುವ ಚಿಕಿತ್ಸೆ) ಮಾಡಿಸಿ, ಹಲ್ಲನ್ನು ಪೂರ್ತಿ ಮುಚ್ಚುವ ಕ್ಯಾಪ್ ಹಾಕಿಸಿಕೊಂಡು ಅದನ್ನು ವರ್ಷಗಟ್ಟಲೆ ಬಳಸಬಹುದು. ಮೊದಲ ಭೇಟಿಯಲ್ಲೇ ಕಿತ್ತು ಇಂಪ್ಲಾಂಟ್ ಹಾಕುವ ಸಲಹೆ ಬಂದರೆ ಎಕ್ಸ್‌ರೇ ಪ್ರತಿಯನ್ನು ಪಡೆದು ಇನ್ನೊಬ್ಬ ದಂತವೈದ್ಯರಿಗೆ ತೋರಿಸುವುದು ಒಳ್ಳೆಯದು. ಕಿತ್ತ ಮೇಲೆ ಆ ಅವಕಾಶ ಉಳಿಯುವುದಿಲ್ಲ. ಇನ್ನು ರೂಟ್ ಕೆನಾಲ್ ಮುಗಿದು ನೋವು ಹೋದ ಕೂಡಲೇ ಕ್ಯಾಪಿನ ಕೆಲಸವನ್ನು ಮುಂದೂಡುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಹುಳುಕಿನಿಂದಲೂ ಕೊರೆತದಿಂದಲೂ ಟೊಳ್ಳಾದ ಆ ಹಲ್ಲು ಒಂದು ದಿನ ಕೋಡುಬಳೆ ಕಚ್ಚುವಾಗ ಬೇರಿನವರೆಗೂ ಸೀಳಿತೆಂದರೆ ಮಾಡಿಸಿದ ಚಿಕಿತ್ಸೆಯೆಲ್ಲ ವ್ಯರ್ಥ.

ಕ್ಯಾಪಿಗಾಗಿ ಹಲ್ಲನ್ನು ಸುತ್ತಲೂ ಒಂದೆರಡು ಮಿಲಿಮೀಟರಿನಷ್ಟು ತೇಯ್ದು, ಅಚ್ಚು ಅಥವಾ ಸ್ಕ್ಯಾನ್ ತೆಗೆದು, ಲ್ಯಾಬಿನಿಂದ ಬರುವವರೆಗೆ ತಾತ್ಕಾಲಿಕ ಕ್ಯಾಪನ್ನು ಕೂರಿಸುತ್ತಾರೆ. ದವಡೆ ಹಲ್ಲಿಗೆ ಈಗ ಹೆಚ್ಚು ಬಳಕೆಯಲ್ಲಿರುವುದು ಜಿರ್ಕೋನಿಯಾ ಎಂಬ ಗಟ್ಟಿ ಬಿಳಿ ಸೆರಾಮಿಕ್. ಲೋಹದ ಮೇಲೆ ಪಿಂಗಾಣಿ ಹಚ್ಚಿದ ಕ್ಯಾಪ್ ಅಗ್ಗವಾದರೂ, ವಸಡು ಕೆಳಗಿಳಿದಂತೆ ಅದರ ಅಂಚಿನಲ್ಲಿ ಕಪ್ಪು ಗೆರೆ ಕಾಣಿಸಿಕೊಳ್ಳಬಹುದು. ಬಣ್ಣದ ಚಿಂತೆಯಿಲ್ಲದವರಿಗೆ ಪೂರ್ಣ ಲೋಹದ ಕ್ಯಾಪೇ ಸಾಕು. ಅದಕ್ಕೆ ಹಲ್ಲನ್ನು ತೇಯಬೇಕಾದದ್ದು ಕಡಿಮೆ.

ಹಲ್ಲು ಉಳಿಯುವಂತಿಲ್ಲ ಎಂದು ಖಚಿತವಾದರೆ, ಕೀಳಿಸುವ ಮೊದಲೇ ಮುಂದಿನ ಯೋಜನೆಯನ್ನು ಕೇಳಿ ತಿಳಿಯಬೇಕು. ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ಮೂಳೆ ಸವೆಯತೊಡಗುತ್ತದೆ. ಮೊದಲ ವರ್ಷದಲ್ಲಿ ಅದರ ಅಗಲ ಅರ್ಧದಷ್ಟು ಕಡಿಮೆಯಾಗಬಹುದು, ಅದರಲ್ಲೂ ಹೆಚ್ಚಿನ ಸವೆತ ಮೊದಲ ಕೆಲವು ತಿಂಗಳಲ್ಲೇ ಆಗುತ್ತದೆ. ಜಾಗವನ್ನು ಖಾಲಿ ಬಿಟ್ಟರೆ ಹಿಂದಿನ ಹಲ್ಲು ಮುಂದಕ್ಕೆ ವಾಲುವುದು, ಎದುರಿನ ಮೇಲಿನ ಹಲ್ಲು ಕೆಳಕ್ಕೆ ಇಳಿಯುವುದು ಕೂಡ ಉಂಟು. ಅಕ್ಕಪಕ್ಕದ ಹಲ್ಲುಗಳಿಗೆ ಈಗಾಗಲೇ ಕ್ಯಾಪ್ ಅಥವಾ ದೊಡ್ಡ ಫಿಲ್ಲಿಂಗ್ ಇದ್ದರೆ ಬ್ರಿಡ್ಜ್ (ಆ ಎರಡು ಹಲ್ಲುಗಳನ್ನು ತೇಯ್ದು, ಅವುಗಳ ಕ್ಯಾಪುಗಳಿಗೆ ನಡುವಿನ ಕೃತಕ ಹಲ್ಲನ್ನು ಜೋಡಿಸುವುದು) ಕಟ್ಟಿಸುವುದು ಕಡಿಮೆ ಸಮಯದಲ್ಲಿ ಮುಗಿಯುವ, ಸಮರ್ಪಕವಾದ ಪರಿಹಾರ. ಅವು ಪೂರ್ತಿ ಆರೋಗ್ಯವಾಗಿದ್ದಲ್ಲಿ, ಒಂದು ಹಲ್ಲಿಗಾಗಿ ಎರಡು ಒಳ್ಳೆಯ ಹಲ್ಲುಗಳನ್ನು ತೇಯಿಸುವುದಕ್ಕಿಂತ ಇಂಪ್ಲಾಂಟೇ ಮೇಲು ಎಂಬುದು ಈ ಲೇಖಕನ ಅಭಿಪ್ರಾಯ.

ಇಂಪ್ಲಾಂಟ್ ಎಂದರೆ ಬೇರಿನ ಬದಲು ಮೂಳೆಯೊಳಗೆ ಕೂರುವ ಟೈಟಾನಿಯಂ ಸ್ಕ್ರೂ. ಟೈಟಾನಿಯಂ ಜೀವಂತ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ವೈದ್ಯ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲಗಳ ಮೇಲಿನ ಪ್ರಯೋಗದಲ್ಲಿ ಗಮನಿಸಿ, 1965ರಲ್ಲಿ ಮೊದಲ ರೋಗಿಗೆ ಅಳವಡಿಸಿದರು. ಆ ಬೆಸುಗೆಗೆ ಬೇಕಾದಷ್ಟು ಮೂಳೆ ಇದೆಯೇ ಎಂಬುದನ್ನು ಸಾದಾ ಎಕ್ಸ್‌ರೇಯಿಂದ ಪೂರ್ತಿ ಹೇಳಲಾಗದು, ಏಕೆಂದರೆ ಅದರಲ್ಲಿ ಮೂಳೆಯ ದಪ್ಪ ತಿಳಿಯುವುದಿಲ್ಲ. ಅದಕ್ಕೆ ದವಡೆಯನ್ನು ಮೂರು ಆಯಾಮಗಳಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬೇಕು. ಕೆಳದವಡೆಯೊಳಗೆ ಕೆಳತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನ ನೀಡುವ ನರ ಹಾದುಹೋಗುತ್ತದೆ. ಸ್ಕ್ರೂವಿನ ತುದಿಗೂ ಆ ನರಕ್ಕೂ ಕನಿಷ್ಠ 2 ಮಿಲಿಮೀಟರ್ ಅಂತರ ಇಡುವುದು ರೂಢಿ. ಸ್ಕ್ಯಾನಿನಲ್ಲಿ ಆ ಅಂತರವನ್ನು ತೋರಿಸಿ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ.

ಸಕ್ಕರೆ ಕಾಯಿಲೆ ಇರುವವರು ಇತ್ತೀಚಿನ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ) ವರದಿಯನ್ನು ಒಯ್ಯಬೇಕು. ಮೂಳೆ ಸವೆತಕ್ಕೆ ಅಲೆಂಡ್ರೋನೇಟ್, ಝೋಲೆಡ್ರೋನೇಟ್‌ನಂಥ ಔಷಧ ಪಡೆದಿದ್ದರೆ ಅದನ್ನು ತಪ್ಪದೆ ತಿಳಿಸಬೇಕು, ಏಕೆಂದರೆ ಅಂಥವರಲ್ಲಿ ದವಡೆಯ ಗಾಯ ಮಾಯದೆ ಮೂಳೆ ಸಾಯುವ ಅಪಾಯ ಇದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಬೀಡಿ, ಸಿಗರೇಟು ಬೆಸುಗೆಯನ್ನು ಕೆಡಿಸುತ್ತವೆ. ಗುಟ್ಕಾ ಮತ್ತು ಅಡಿಕೆಯಿಂದ ಕೆನ್ನೆಯ ಒಳಪದರ ಬಿಗಿದುಕೊಂಡವರಲ್ಲಿ ತೊಡಕು ಬೇರೆಯದು: ಹಿಂದಿನ ಹಲ್ಲಿನ ಜಾಗಕ್ಕೆ ಉಪಕರಣ ಹೋಗುವಷ್ಟು ಬಾಯಿ ತೆರೆಯುವುದೇ ಇಲ್ಲ. ದವಡೆ ಬೆಳೆಯುತ್ತಿರುವ ಹದಿಹರೆಯದವರಿಗೆ ಇಂಪ್ಲಾಂಟ್ ಹಾಕುವುದಿಲ್ಲ.

ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಮರಗಟ್ಟಿಸುವ ಇಂಜೆಕ್ಷನ್ನಿನಲ್ಲೇ ಮುಗಿಯುತ್ತದೆ. ಕೊರೆಯುವಾಗ ಉದ್ದಕ್ಕೂ ಸಲೈನ್ ಸುರಿಯುವುದು ಮೂಳೆ ಬಿಸಿಯಾಗದಿರಲೆಂದು; 47 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ಒಂದು ನಿಮಿಷ ತಾಗಿದರೂ ಮೂಳೆಗೆ ಹಾನಿ. ಮೊದಲ ದಿನ ಬಾಯಿ ಮುಕ್ಕಳಿಸಬಾರದು, ಜೋರಾಗಿ ಉಗುಳಬಾರದು, ಸ್ಟ್ರಾ ಬಳಸಬಾರದು. ಹೊರಗಿನಿಂದ ಐಸ್ ಇಡಬಹುದು. ಗಂಜಿ, ಮೊಸರನ್ನ, ಆರಿದ ಮುದ್ದೆ ಕೆಲವು ದಿನಗಳ ಊಟವಾಗಲಿ. ಊತ ಎರಡು ಮೂರು ದಿನ ಇರುವುದು ಸಹಜ. ಆದರೆ ಇಂಜೆಕ್ಷನ್ನಿನ ಪರಿಣಾಮ ಇಳಿಯಬೇಕಾದ ಹೊತ್ತು ಕಳೆದರೂ ತುಟಿ ಜೋಮು ಹಿಡಿದಂತೆಯೇ ಇದ್ದರೆ ಹೊಲಿಗೆ ಬಿಚ್ಚುವ ದಿನದವರೆಗೆ ಕಾಯದೆ ತಕ್ಷಣ ಫೋನ್ ಮಾಡಬೇಕು.

ಆಮೇಲಿನದು ಕಾಯುವ ಕೆಲಸ. ಕೆಳದವಡೆಯಲ್ಲಿ ಬೆಸುಗೆಗೆ ಸುಮಾರು ಮೂರು ತಿಂಗಳು, ಮೂಳೆ ಮೃದುವಾಗಿರುವ ಮೇಲ್ದವಡೆಯಲ್ಲಿ ಇನ್ನೂ ಹೆಚ್ಚು ಬೇಕಾಗಬಹುದು. ಮಗಳ ಮದುವೆಯೊಳಗೆ ಮುಗಿಸಿಕೊಡಿ ಎಂದು ದವಡೆ ಹಲ್ಲಿಗಾಗಿ ಅವಸರಪಡಿಸುವುದರಲ್ಲಿ ಅರ್ಥವಿಲ್ಲ. ಫೋಟೋದಲ್ಲಿ ಅದು ಹೇಗೂ ಕಾಣುವುದಿಲ್ಲ.

ಬೆಸುಗೆ ಗಟ್ಟಿಯಾದ ಮೇಲೆ ಸ್ಕ್ರೂವಿಗೆ ಅಬಟ್‌ಮೆಂಟ್ ಎಂಬ ನಡುವಿನ ತುಂಡನ್ನು ಜೋಡಿಸಿ, ಅದರ ಮೇಲೆ ಕ್ಯಾಪನ್ನು ಕೂರಿಸುತ್ತಾರೆ. ಕ್ಯಾಪನ್ನು ಸಿಮೆಂಟಿನಿಂದ ಅಂಟಿಸಬಹುದು, ಇಲ್ಲವೇ ಇನ್ನೊಂದು ಸಣ್ಣ ಸ್ಕ್ರೂವಿನಿಂದ ಬಿಗಿಯಬಹುದು. ಎರಡನೆಯ ವಿಧಾನದಲ್ಲಿ ಕ್ಯಾಪಿನ ನೆತ್ತಿಯ ರಂಧ್ರದೊಳಗೆ, ಪ್ಲಂಬರುಗಳು ನಲ್ಲಿಗೆ ಸುತ್ತುವಂಥದೇ ಬಿಳಿ ಟೆಫ್ಲಾನ್ ಟೇಪನ್ನು ತುರುಕಿ ಮೇಲೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕುತ್ತಾರೆ. ಮುಂದೆ ತೊಂದರೆಯಾದರೆ ಅಲ್ಲಿಂದಲೇ ಬಿಚ್ಚಬಹುದು. ವಸಡಿನಡಿ ಉಳಿದ ಸಿಮೆಂಟ್ ಸೋಂಕಿಗೆ ಕಾರಣವಾಗುವುದರಿಂದ, ಸಾಧ್ಯವಿರುವಲ್ಲಿ ಸ್ಕ್ರೂವಿನ ಕ್ಯಾಪನ್ನೇ ಕೇಳುವುದು ಲೇಸು. ನೀಲಿ ಕಾಗದ ಇಟ್ಟು ಕಚ್ಚಿಸಿ ನೋಡುವಾಗ ಸುಮ್ಮನೆ ತಲೆಯಾಡಿಸದೆ, ಬಾಯಿ ಮುಚ್ಚಿ ದವಡೆಯನ್ನು ಎಡಕ್ಕೂ ಬಲಕ್ಕೂ ಜರುಗಿಸಿ, ಹೊಸ ಹಲ್ಲು ಉಳಿದವುಗಳಿಗಿಂತ ಮೊದಲು ತಾಗುತ್ತಿದ್ದರೆ ಹೇಳಬೇಕು. ಸ್ವಂತ ಹಲ್ಲಿನ ಬೇರನ್ನು ಸುತ್ತುವರಿದು ಒತ್ತಡವನ್ನು ಅರಿಯುವ ನಾರಿನ ಪದರ ಇಂಪ್ಲಾಂಟಿಗೆ ಇಲ್ಲದ ಕಾರಣ, ಹೆಚ್ಚಿನ ಭಾರ ಬಿದ್ದರೂ ಅದು ನೋವಿನ ಮೂಲಕ ಎಚ್ಚರಿಸುವುದು ಕಡಿಮೆ.

ಹಣದ ಮಾತನ್ನು ಮೊದಲೇ ಬರೆಸಿಕೊಳ್ಳಬೇಕು. ಹೇಳಿದ ಮೊತ್ತದಲ್ಲಿ ಸ್ಕ್ಯಾನ್, ಅಬಟ್‌ಮೆಂಟ್, ಕ್ಯಾಪ್ ಮತ್ತು ಮೂಳೆ ಸಾಲದಿದ್ದರೆ ಅದನ್ನು ತುಂಬುವ ವೆಚ್ಚ ಸೇರಿವೆಯೇ ಎಂದು ಕೇಳದವರಿಗೆ ಕೊನೆಯಲ್ಲಿ ಎರಡನೆಯ ಬಿಲ್ಲು ಬರುವುದುಂಟು. ಇಂಪ್ಲಾಂಟಿನ ಕಂಪನಿ, ಅಳತೆ ಮತ್ತು ಲಾಟ್ ಸಂಖ್ಯೆ ಇರುವ ಸ್ಟಿಕರನ್ನು ಪಡೆದು ಜೋಪಾನವಾಗಿಡಬೇಕು. ಹತ್ತು ವರ್ಷಗಳ ನಂತರ ಬೇರೆ ಊರಿನಲ್ಲಿ ಬೇರೆ ವೈದ್ಯರು ಬಿಚ್ಚಬೇಕಾದಾಗ ಸರಿಯಾದ ಸ್ಕ್ರೂಡ್ರೈವರ್ ಯಾವುದೆಂದು ತಿಳಿಯುವುದು ಅದರಿಂದಲೇ.

ಇಂಪ್ಲಾಂಟಿಗೆ ಹುಳುಕು ಹಿಡಿಯದು, ಆದರೆ ಅದರ ಸುತ್ತಲಿನ ವಸಡು ಮತ್ತು ಮೂಳೆಗೆ ಸೋಂಕು ತಗಲುತ್ತದೆ. ದಿನವೂ ಸಂದುಗಳ ಸಣ್ಣ ಬ್ರಷ್ಷಿನಿಂದ ಸ್ವಚ್ಛಗೊಳಿಸಿ, ಆರು ತಿಂಗಳಿಗೊಮ್ಮೆ ತೋರಿಸಬೇಕು. ಉಜ್ಜುವಾಗ ರಕ್ತ ಬಂದರೆ ನೋವಿಲ್ಲವೆಂದು ಬಿಡಬಾರದು. ಕ್ಯಾಪ್ ಅಲ್ಲಾಡಿದರೆ ಹಲವು ಸಲ ಸಡಿಲಾಗಿರುವುದು ಒಳಗಿನ ಸಣ್ಣ ಸ್ಕ್ರೂ ಮಾತ್ರ. ಅದನ್ನು ಕೂಡಲೇ ಬಿಗಿಸಿಕೊಳ್ಳಬೇಕು. ಬಿಚ್ಚಿಬಂದ ಕ್ಯಾಪನ್ನು ಮನೆಯಲ್ಲಿ ಫೆವಿಕ್ವಿಕ್ ಹಾಕಿ ಅಂಟಿಸದೆ, ಡಬ್ಬಿಯಲ್ಲಿಟ್ಟು ವೈದ್ಯರ ಬಳಿಗೆ ಒಯ್ಯಬೇಕು.