ಕಾರ್ಣಿಕದ ಮಾತಿಗೆ ಮನೆಯಲ್ಲಿ ಜಗಳ ಹತ್ತದಂತೆ ನೋಡಿಕೊಳ್ಳೋದು ಹೇಗೆ?

ದಸರಾ ಹೊತ್ತಿಗೆ ಹಾವೇರಿ ಜಿಲ್ಲೆಯ ದೇವರಗುಡ್ಡದಲ್ಲಿ ಮಾಲತೇಶ ದೇವರ ಸೇವೆ ಮಾಡೋ ಗೊರವಯ್ಯ ಬಿಲ್ಲು ಏರಿ ಕಾರ್ಣಿಕ, ಅಂದರೆ ಭವಿಷ್ಯವಾಣಿ, ನುಡಿಯುತ್ತಾರೆ. ಒಂದೇ ಸಾಲು, ಒಗಟಿನಂಥದ್ದು. ಸಂಜೆಯೊಳಗೆ ಅದು ಎಲ್ಲರ ಫೋನಿಗೆ ಬಂದಿರುತ್ತೆ, ಮಳೆ-ಬೆಳೆ, ರಾಜಕೀಯ ಅಂತ ಅರ್ಥ ಹಚ್ಚೋದು ಶುರುವಾಗುತ್ತೆ, ಮನೆಯಲ್ಲಿ ನಂಬುವ ಕಾಕಾ, ನಂಬದ ತಮ್ಮ ಇಬ್ಬರೂ ಇದ್ದರೆ ವಾದವೂ ಶುರು.

ಕೆಣಕಿದರೆ ಇಬ್ಬರೂ ಆಡೋದು ಒಂದೇ ಥರ. 1979ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಮರಣದಂಡನೆ ಬೇಕು ಅನ್ನೋ ವಿದ್ಯಾರ್ಥಿಗಳಿಗೂ ಬೇಡ ಅನ್ನೋರಿಗೂ ಎರಡು ಅಧ್ಯಯನ ಓದಲು ಕೊಟ್ಟರು, ಒಂದು ಪರ, ಇನ್ನೊಂದು ವಿರುದ್ಧ. ತಮಗೆ ಹಿಡಿಸಿದ್ದನ್ನು ಸಲೀಸಾಗಿ ಒಪ್ಪಿದರು, ಹಿಡಿಸದ್ದರಲ್ಲಿ ಹುಡುಕಿ ಹುಡುಕಿ ತಪ್ಪು ತೆಗೆದರು, ಕೊನೆಗೆ ತಮ್ಮ ಅಭಿಪ್ರಾಯ ಇನ್ನೂ ಗಟ್ಟಿಯಾಯಿತು ಅಂದರು. ನಮ್ಮಲ್ಲೂ ಹಾಗೇ ಅಲ್ವಾ? ಮಳೆ ಕೈಕೊಟ್ಟರೆ ಕಾಕಾ "ಅರ್ಥ ನಮಗ ತಿಳೀಲಿಲ್ಲ" ಅಂತಾರೆ. ಮಳೆ ಬಂದರೆ ತಮ್ಮ "ಅದು ಹೆಂಗೂ ಬರ್ತಿತ್ತು" ಅಂತಾನೆ.

ಹಾಗಾಗಿ ಫಲ ಗೊತ್ತಾದ ಮೇಲೆ ವಾದ ಮಾಡಬೇಡಿ. ಕಾರ್ಣಿಕದ ದಿನವೇ ಕೇಳಿ: "ಕಾಕಾ, ಏನಾದ್ರ ಇದು ಖರೆ ಆತು ಅಂತೀರಿ? ಯಾವಾಗ?" "ಛಲೋ ಆಗ್ತೈತಿ" ಅನ್ನೋದು ಸಾಲದು. ಸಂಕ್ರಾಂತಿಯೊಳಗೆ ನಮ್ಮೂರ ಕೆರೆ ಕೋಡಿ ಬೀಳುತ್ತೆ ಅಂದರೆ ಅದು ಲೆಕ್ಕಕ್ಕೆ ಬರೋ ಮಾತು, ಚೀಟಿಯಲ್ಲಿ ಬರೆದಿಡಿ. ಪ್ರತಿ ವರ್ಷ ಆಗೋದನ್ನು ಬರೆಯಬೇಡಿ, ಅದರಿಂದ ಏನೂ ತಿಳಿಯಲ್ಲ. ತಮ್ಮನನ್ನೂ ಬಿಡಬೇಡಿ. ಎಷ್ಟು ಸಲ ನಿಜವಾದರೆ ಒಪ್ತೀಯ ಅಂತ ಅವನಿಂದಲೂ ಈಗಲೇ ಬರೆಸಿ. "ಎಷ್ಟಾದ್ರೂ ಒಪ್ಪಲ್ಲ" ಅಂದರೆ ಅವನೂ ಪರೀಕ್ಷೆಗೆ ತಯಾರಿಲ್ಲ ಅಂತಲೇ ಅರ್ಥ.

"ಪಕ್ಷಪಾತ ಮಾಡಬೇಡಿ" ಅಂತ ಬುದ್ಧಿ ಹೇಳಿದರೆ ಕೆಲಸ ಆಗಲ್ಲ. ಅದೇ ಥರ ಅಧ್ಯಯನ ಓದಿಸಿದ 1984ರ ಇನ್ನೊಂದು ಪ್ರಯೋಗದಲ್ಲಿ ಅದೇ ಕಂಡಿತು. ಕೆಲಸಕ್ಕೆ ಬಂದದ್ದು ಬೇರೆ ಪ್ರಶ್ನೆ: ಇದೇ ಅಧ್ಯಯನ ಉಲ್ಟಾ ಫಲಿತಾಂಶ ಕೊಟ್ಟಿದ್ದರೂ ನೀವು ಹೀಗೇ ಅಳೆಯುತ್ತಿದ್ದಿರಾ? ಇಬ್ಬರಿಗೂ ಇದನ್ನೇ ಕೇಳಿ: ಫಲ ಉಲ್ಟಾ ಆಗಿದ್ದರೂ ಹೀಗೇ ಅಳೀತಿದ್ರಾ?

ಕೇಳೋದಿದ್ದರೆ ಒಬ್ಬರೇ ಇದ್ದಾಗ ಕೇಳಿ. ಬೀಗರ ಮುಂದೆ, ಮನೆಯ ವಾಟ್ಸಾಪ್ ಗುಂಪಿನಲ್ಲಿ ಸುಮ್ನೆ ಕೆದಕಬೇಡಿ, ಹತ್ತು ಜನರ ಎದುರು ಸೋತೆ ಅಂತ ಯಾರೂ ಒಪ್ಪಲ್ಲ. ಇನ್ನೊಂದು ಮಾತು ನನಗೆ ತುಂಬಾ ಮುಖ್ಯ. ಆ ಮಾಲತೇಶನೇ ಕಾಕಾನ ಮನೆದೇವರು, ಹಣೆಗೆ ಭಂಡಾರ (ದೇವರ ಅರಿಶಿನ ಪುಡಿ) ಹಚ್ಚಿಕೊಂಡೇ ಹೊರಗೆ ಹೊರಡೋ ಮನುಷ್ಯ. ಆ ಒಂದು ಸಾಲನ್ನು ಪ್ರಶ್ನಿಸುವಾಗ ಭಂಡಾರದ ತಂಟೆಗೆ ಹೋಗಬೇಡಿ. ಹೋದರೆ ಕಾಕಾ ಸಾಲಿನ ಬಗ್ಗೆ ಯೋಚಿಸಲ್ಲ, ದೇವರನ್ನು ಕಾಯೋಕೆ ನಿಲ್ಲುತ್ತಾರೆ.

ಸಂಕ್ರಾಂತಿಗೆ ಚೀಟಿ ತೆಗೆದಾಗ ಕಾಕಾ ಬರೆಸಿದ್ದನ್ನು ತಮ್ಮ ಓದಲಿ, ತಮ್ಮ ಬರೆದದ್ದನ್ನು ಕಾಕಾ.