ಇಂಗ್ಲಿಷಿನಲ್ಲಿ ‘ಹಾಳು’ ಮಾಡುವುದು ಹೇಗೆ?

ಕನ್ನಡದಲ್ಲಿ ‘ಹಾಳಾಯಿತು’ ಅಂದರೆ ಸಾಕು. ಮೂಡ್ ಹಾಳಾಗುತ್ತದೆ, ಬಟ್ಟೆ ಹಾಳಾಗುತ್ತದೆ, ಹೆಸರು ಹಾಳಾಗುತ್ತದೆ, ಊರಿಗೆ ಊರೇ ಹಾಳಾಗುತ್ತದೆ. ಇಂಗ್ಲಿಷಿನಲ್ಲಿ ಇಷ್ಟು ಸಲೀಸಲ್ಲ. ಹಾಳಾದದ್ದು ಏನು, ಎಷ್ಟು ಎನ್ನುವುದರ ಮೇಲೆ ಕ್ರಿಯಾಪದ ಬದಲಾಗುತ್ತದೆ. ಪಟ್ಟಿ ಮಾಡಿ ಬಾಯಿಪಾಠ ಹೊಡೆದರೆ ಪ್ರಯೋಜನವಿಲ್ಲ. ವಾಕ್ಯ ಬರೆಯುವ ಮುಂಚೆ ಈ ಕೆಲವು ವಿಷಯ ನೋಡಿಕೊಳ್ಳಿ.

ಮೊದಲ ಹೆಜ್ಜೆ: ‘ಆಯಿತು’ ಅನ್ನಬೇಕೋ, ‘ಮಾಡಿತು’ ಅನ್ನಬೇಕೋ?

ಜಾಸ್ತಿ ಜನ ಎಡವುವುದು ಇಲ್ಲೇ. ನಮ್ಮಲ್ಲಿ ‘ನಾಶವಾಯಿತು’, ‘ನಾಶ ಮಾಡಿತು’ ಎಂದು ಎರಡು ಬಗೆ ಇವೆ. ಇಂಗ್ಲಿಷಿನ ‘ಡೆಸ್ಟ್ರಾಯ್’ ಬರೀ ‘ಮಾಡಿತು’ ಗುಂಪಿನದು. ‘ದಿ ಹೌಸ್ ಡೆಸ್ಟ್ರಾಯ್ಡ್’ ಎಂದು ಬರೆದರೆ ಮನೆಯೇ ಹೋಗಿ ಏನನ್ನೋ ನಾಶ ಮಾಡಿ ಬಂದ ಹಾಗಿರುತ್ತದೆ. ಮನೆಗೇ ಆ ಗತಿ ಬಂತು ಎನ್ನಲು ಮಧ್ಯೆ ಒಂದು ‘ವಾಸ್’ ಬೇಕೇ ಬೇಕು.

‘ಕೊಲ್ಯಾಪ್ಸ್’ ಇದಕ್ಕೆ ಪೂರ್ತಿ ಉಲ್ಟಾ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾ ನ್ಯಾರೋಸ್ ತೂಗುಸೇತುವೆಯನ್ನೇ ತೆಗೆದುಕೊಳ್ಳಿ. 1940ರ ಜುಲೈನಲ್ಲಿ ಅದರ ಮೇಲೆ ಓಡಾಟ ಶುರುವಾಯಿತು. ಅದೇ ವರ್ಷ ನವೆಂಬರ್ 7ರಂದು ಗಾಳಿಗೆ ತೂಗಾಡಿ, ಹಗ್ಗದ ಹಾಗೆ ತಿರುಚಿಕೊಂಡು, ಕೆಳಗಿನ ನೀರಿಗೆ ಬಿತ್ತು. ‘ದಿ ವಿಂಡ್ ಡೆಸ್ಟ್ರಾಯ್ಡ್ ದಿ ಬ್ರಿಜ್’ ಎನ್ನಬಹುದು. ‘ದಿ ಬ್ರಿಜ್ ವಾಸ್ ಡೆಸ್ಟ್ರಾಯ್ಡ್’ ಎನ್ನಬಹುದು. ‘ದಿ ಬ್ರಿಜ್ ಕೊಲ್ಯಾಪ್ಸ್ಡ್’ ಅಂದರೂ ಸರಿ. ಆದರೆ ‘ದಿ ಬ್ರಿಜ್ ವಾಸ್ ಕೊಲ್ಯಾಪ್ಸ್ಡ್’ ತಪ್ಪು. ಸೇತುವೆ ತಾನೇ ಕುಸಿಯಿತು, ಅಲ್ವಾ? ಅಲ್ಲಿ ‘ವಾಸ್’ಗೆ ಕೆಲಸವಿಲ್ಲ.

‘ಬ್ರೇಕ್’, ‘ಶಾಟರ್’, ‘ಬರ್ನ್’ ಮಾತ್ರ ಎರಡೂ ಕಡೆ ಸಲ್ಲುತ್ತವೆ. ಗಾಜು ತಾನಾಗಿ ಒಡೆದರೂ ‘ಬ್ರೋಕ್’, ಹುಡುಗ ಒಡೆದರೂ ‘ಬ್ರೋಕ್’. ನಮ್ಮ ‘ಒಡೆ’ಯೂ ಹೀಗೇ ಇರುವುದರಿಂದ ಇಲ್ಲಿ ತಪ್ಪುವವರು ಕಡಿಮೆ. ‘ಡಿಸ್ಟ್ರಕ್ಷನ್’ ನೋಡಿ ‘ಡಿಸ್ಟ್ರಕ್ಟೆಡ್’ ಎಂದು ಬರೆಯುವವರೂ ಇದ್ದಾರೆ. ಅದು ಬೇಡ, ‘ಡೆಸ್ಟ್ರಾಯ್ಡ್’ ಸಾಕು.

ಎರಡನೇ ಹೆಜ್ಜೆ: ಏನಾದರೂ ಉಳಿದಿದೆಯಾ?

‘ಡ್ಯಾಮೇಜ್’ ಅಂದರೆ ಪೆಟ್ಟು ಬಿದ್ದಿದೆ, ವಸ್ತು ಇದೆ. ಹಾಗಾಗಿ ಅದಕ್ಕೆ ‘ಸ್ಲೈಟ್ಲಿ’, ‘ಬ್ಯಾಡ್ಲಿ’ ಎಂದು ಅಳತೆ ಹಚ್ಚಬಹುದು. ‘ಡೆಸ್ಟ್ರಾಯ್’ ಅಂದರೆ ಕಥೆ ಮುಗಿಯಿತು. ‘ಸ್ಲೈಟ್ಲಿ ಡೆಸ್ಟ್ರಾಯ್ಡ್’ ಎಂದರೆ ಓದಿದವರು ನಗುತ್ತಾರೆ. ‘ಪಾರ್ಟ್ಲಿ ಡೆಸ್ಟ್ರಾಯ್ಡ್’ ನಡೆಯುತ್ತದೆ. ಒಂದು ಭಾಗ ಪೂರ್ತಿ ಹೋಯಿತು ಎಂದರ್ಥ. ಇನ್ನು ‘ಟೋಟಲಿ ಡ್ಯಾಮೇಜ್ಡ್’ ಕಿವಿಗೆ ಬೀಳುತ್ತಲೇ ಇರುತ್ತದೆ. ಪೂರ್ತಿ ಹೋಗಿದ್ದರೆ ಸೀದಾ ‘ಡೆಸ್ಟ್ರಾಯ್ಡ್’ ಎನ್ನುವುದೇ ಚೆಂದ. ಅಪಘಾತದಲ್ಲಿ ಕಾರು ‘ಡ್ಯಾಮೇಜ್’ ಆಗುತ್ತದೆ, ಒಳಗಿದ್ದ ಮನುಷ್ಯ ‘ಇಂಜರ್ಡ್’. ಅವನ ಲಿವರ್ ಮಾತ್ರ ‘ಡ್ಯಾಮೇಜ್’ ಆಗಬಹುದು. ‘ಡ್ಯಾಮೇಜಸ್’ ಎಂದು ಬಹುವಚನ ಮಾಡಿದಿರೋ, ಅದು ಕೋರ್ಟಿನಲ್ಲಿ ಕೇಳುವ ಪರಿಹಾರದ ಹಣ.

‘ರೂಯಿನ್’ ಸ್ವಲ್ಪ ಸೂಕ್ಷ್ಮ. ಬಿಳಿ ಅಂಗಿಯ ಮೇಲೆ ಇಂಕ್ ಚೆಲ್ಲಿತು ಅನ್ನಿ. ಎಲ್ಲೂ ಹರಿದಿಲ್ಲ, ಒಂದು ಗುಂಡಿಯೂ ಕಿತ್ತಿಲ್ಲ. ಆದರೂ ಹಾಕಿಕೊಂಡು ಹೊರಗೆ ಹೋಗುವ ಹಾಗಿಲ್ಲ. ಆ ಅಂಗಿ ‘ರೂಯಿನ್ಡ್’. ಅದೇ ಅಂಗಿಯನ್ನು ಸುಟ್ಟು ಹಾಕಿದರೆ ‘ಡೆಸ್ಟ್ರಾಯ್ಡ್’. ರಜೆ, ಪ್ಲಾನು, ಹೆಸರು ಇವಕ್ಕೆಲ್ಲ ‘ರೂಯಿನ್’ ಚೆನ್ನಾಗಿ ಒಗ್ಗುತ್ತದೆ.

ಬೆಂಕಿಯ ಸುದ್ದಿಯಲ್ಲಿ ‘ಗಟೆಡ್’ ಎಂದು ಕಂಡರೆ ಗೋಡೆಗಳು ನಿಂತಿವೆ, ಒಳಗಿದ್ದದ್ದೆಲ್ಲ ಬೂದಿ ಎಂದರ್ಥ. ಮೀನಿನ ಹೊಟ್ಟೆ ಸೀಳಿ ಒಳಗಿನದ್ದನ್ನು ತೆಗೆಯುವುದಕ್ಕೂ ಇದೇ ಪದ. ಬ್ರಿಟಿಷರು ಮ್ಯಾಚ್ ಸೋತರೂ ‘ಐಯಾಮ್ ಗಟೆಡ್’ ಎನ್ನುತ್ತಾರೆ. ಗಾಬರಿಯಾಗಬೇಡಿ, ತುಂಬಾ ಬೇಜಾರಾಗಿದೆ ಅಷ್ಟೇ.

ಮೂರನೇ ಹೆಜ್ಜೆ: ಹಾಳಾದದ್ದು ಯಾವುದು?

ಬೇಕೆಂದೇ ಕಟ್ಟಡ ಕೆಡವಿದರೆ ‘ಡೆಮಾಲಿಶ್’. ಮಾತಿನಲ್ಲಿ ‘ಟಿಯರ್ ಡೌನ್’ ಇನ್ನೂ ಸಹಜ. 1987ರಲ್ಲಿ ಬರ್ಲಿನ್ ಗೋಡೆಯ ಹತ್ತಿರ ನಿಂತು ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಸೋವಿಯತ್ ನಾಯಕ ಗೋರ್ಬಚೇವ್‌ಗೆ ಕೂಗಿ ಹೇಳಿದ್ದು ‘ಟಿಯರ್ ಡೌನ್ ದಿಸ್ ವಾಲ್’ ಎಂದೇ. ಅಲ್ಲಿ ‘ಡೆಮಾಲಿಶ್’ ಹಾಕಿ ನೋಡಿ, ಭಾಷಣ ಹೋಗಿ ಟೆಂಡರ್ ನೋಟಿಸ್ ಆಗಿಬಿಡುತ್ತದೆ.

ಹಡಗಿಗೆ, ಗಾಡಿಗೆ ‘ರೆಕ್’ (wreck). ತಿನ್ನುವ ವಸ್ತುವಿಗೆ, ಸರ್‌ಪ್ರೈಸಿಗೆ, ಮುದ್ದು ಜಾಸ್ತಿಯಾದ ಮಗುವಿಗೆ ‘ಸ್ಪಾಯಿಲ್’. ರೋಗವನ್ನು ಬೇರುಸಹಿತ ಕಿತ್ತರೆ ‘ಎರಾಡಿಕೇಟ್’. ಈ ಪದ ಹುಟ್ಟಿದ್ದೂ ಬೇರು ಎನ್ನುವ ಲ್ಯಾಟಿನ್ ಮಾತಿನಿಂದಲೇ. ಸಿಡುಬು ಜಗತ್ತಿನಿಂದ ತೊಲಗಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಘೋಷಿಸಿದಾಗ ಬಳಸಿದ್ದು ಅದನ್ನೇ. ‘ಡೆವಾಸ್ಟೇಟ್’ ಚಂಡಮಾರುತಕ್ಕೆ ಸಿಕ್ಕ ಪ್ರದೇಶಕ್ಕೂ ಆಗುತ್ತದೆ, ದುಃಖದಿಂದ ಕುಸಿದುಹೋದ ಮನುಷ್ಯನಿಗೂ ಆಗುತ್ತದೆ. ಪೆನ್ನು ಕಳೆದದ್ದಕ್ಕೆಲ್ಲ ಅದನ್ನು ಖರ್ಚು ಮಾಡಬೇಡಿ.

ಕೊನೆಯದಾಗಿ: ಕಿವಿ ಮೋಸ ಮಾಡುವ ಜೋಡಿಗಳು

‘ರೇಜ್’ ಎನ್ನುವ ಉಚ್ಚಾರಣೆಗೆ ಎರಡು ಪದಗಳಿವೆ. ‘ಝಡ್’ ಹಾಕಿ ಬರೆದರೆ (raze) ಕಟ್ಟಡ ನೆಲಸಮ. ‘ಎಸ್’ ಹಾಕಿ ಬರೆದರೆ (raise) ಎತ್ತಿ ನಿಲ್ಲಿಸುವುದು. ಒಂದೇ ಸದ್ದು, ಅರ್ಥ ಪೂರ್ತಿ ವಿರುದ್ಧ. ಬಾಯಿಮಾತಿನಲ್ಲಿ ಗೊಂದಲ ಬೇಡ ಎನಿಸಿದರೆ ‘ರೇಜ್ಡ್ ಟು ದಿ ಗ್ರೌಂಡ್’ ಎಂದು ಪೂರ್ತಿ ಹೇಳಿ.

‘ಹ್ಯಾವಕ್’ ಜೊತೆಗೆ ಬರುವುದು ‘ರೀಕ್’ (wreak), ‘ರೆಕ್’ ಅಲ್ಲ. ಎರಡರ ಸ್ಪೆಲಿಂಗೂ ಶುರುವಾಗುವುದು ‘ಡಬ್ಲ್ಯೂ’ ಇಂದ, ಆದರೆ ಅದನ್ನು ಉಚ್ಚರಿಸುವುದಿಲ್ಲ. ಬಿರುಗಾಳಿ ರಾದ್ಧಾಂತ ಎಬ್ಬಿಸಿತು ಎನ್ನಲು ‘ದಿ ಸ್ಟಾರ್ಮ್ ರೀಕ್ಡ್ ಹ್ಯಾವಕ್’ ಎನ್ನಿ. ‘ರೆಕ್ಡ್ ಹ್ಯಾವಕ್’ ಎಂದರೆ ರಾದ್ಧಾಂತವನ್ನೇ ಪುಡಿ ಮಾಡಿತು ಎಂದಾಗುತ್ತದೆ.