ಶಾರ್ಟ್ ಮಾಡುವ ಮೊದಲು ನಷ್ಟದ ಲೆಕ್ಕ ಬರೆದಿಡಿ

ಷೇರುಪೇಟೆಗೆ ಹೊಸದಾಗಿ ಬಂದವರಿಗೆ ಗೊತ್ತಿರುವುದು ಒಂದೇ ದಾರಿ. ಕಡಿಮೆಗೆ ಕೊಳ್ಳುವುದು, ಜಾಸ್ತಿಗೆ ಮಾರುವುದು. ಶಾರ್ಟ್ ಸೆಲ್ಲಿಂಗ್‌ನಲ್ಲಿ ಇದು ಹಿಂದುಮುಂದಾಗುತ್ತದೆ. ಮೊದಲು ಮಾರುತ್ತೀರಿ, ಆಮೇಲೆ ಕೊಳ್ಳುತ್ತೀರಿ. ಕೈಯಲ್ಲಿ ಇಲ್ಲದ ಷೇರನ್ನು ಮಾರುವುದು ಹೇಗೆ ಅಂತ ಕೇಳಬಹುದು. ಬೇರೆಯವರ ಷೇರನ್ನು ಬ್ರೋಕರ್ ಮೂಲಕ ಸಾಲ ತಂದು ಮಾರುತ್ತೀರಿ, ಅಷ್ಟೇ. 50 ಷೇರನ್ನು ತಲಾ 100ಕ್ಕೆ ಮಾರಿದಿರಿ ಅಂದುಕೊಳ್ಳಿ, 5,000 ಬಂತು. ಬೆಲೆ 90ಕ್ಕೆ ಇಳಿದಾಗ 4,500 ಕೊಟ್ಟು ಅಷ್ಟೇ ಷೇರು ಕೊಂಡು ಸಾಲ ತೀರಿಸಿದಿರಿ. ಉಳಿದ 500ರಲ್ಲಿ ಬ್ರೋಕರೇಜ್, ತೆರಿಗೆ, ಸಾಲದ ಬಡ್ಡಿ ಕಳೆದು ಸಿಗುವುದು ನಿಮ್ಮ ಲಾಭ.

ಇದು ಹೊಸ ಆಟವೇನೂ ಅಲ್ಲ. 1609ರಲ್ಲೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಐಸಾಕ್ ಲ ಮೇರ್ ಎಂಬ ವ್ಯಾಪಾರಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಷೇರು ಬೀಳುತ್ತದೆ ಎಂದು ನಂಬಿ, ಜೊತೆಗಾರರನ್ನು ಕಟ್ಟಿಕೊಂಡು ಇಲ್ಲದ ಷೇರು ಮಾರತೊಡಗಿದ. ಮರುವರ್ಷವೇ ಅಂಥ ಮಾರಾಟಕ್ಕೆ ನಿಷೇಧ ಬಂತು. ನಿಯಮ ಬದಲಾಗುವುದು ಇವತ್ತಿಗೂ ನಿಂತಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸುಮಾರು 800 ಹಣಕಾಸು ಕಂಪನಿಗಳ ಷೇರುಗಳಲ್ಲಿ ಶಾರ್ಟ್ ಮಾಡುವುದನ್ನು ಕೆಲವು ವಾರ ನಿಲ್ಲಿಸಿಬಿಟ್ಟಿತ್ತು. ಆದ್ದರಿಂದ ಮೊದಲ ಕೆಲಸ, ನೀವು ವ್ಯವಹರಿಸುವ ಪೇಟೆಯ ನಿಯಮ ಓದುವುದು. ಕೆಲವು ಕಡೆ ಶಾರ್ಟ್ ಮಾಡಿದ್ದನ್ನು ಅದೇ ದಿನ ಮುಗಿಸಬೇಕು. ಇನ್ನು ಕೆಲವು ಕಡೆ ಷೇರು ಸಾಲ ಸಿಕ್ಕರೆ ವಾರಗಟ್ಟಲೆ ಇಟ್ಟುಕೊಳ್ಳಬಹುದು.

ಎರಡನೆಯದು ಷೇರು ಆರಿಸುವುದು. ದಿನವೂ ಚೆನ್ನಾಗಿ ವಹಿವಾಟು ನಡೆಯುವ ಷೇರು ಮಾತ್ರ ಸಾಕು. ಕೊಳ್ಳುವವರ ಬೆಲೆಗೂ ಮಾರುವವರ ಬೆಲೆಗೂ ನಡುವೆ ದೊಡ್ಡ ಅಂತರ ಇದ್ದರೆ ಬಿಟ್ಟುಬಿಡಿ. ಆ ಅಂತರ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ನಿಮ್ಮ ಜೇಬಿಗೇ ಕೈ ಹಾಕುತ್ತದೆ. ಆಮೇಲೆ, ಈಗಾಗಲೇ ಎಷ್ಟು ಷೇರು ಶಾರ್ಟ್ ಆಗಿದೆ ಅಂತ ನೋಡಿ. 60 ಲಕ್ಷ ಷೇರು ಶಾರ್ಟ್ ಆಗಿದ್ದು, ದಿನದ ಸರಾಸರಿ ವಹಿವಾಟು 10 ಲಕ್ಷ ಇದ್ದರೆ, ಶಾರ್ಟ್ ಮಾಡಿದವರೆಲ್ಲ ಷೇರು ಕೊಂಡು ಹೊರಬರಲು 6 ದಿನದ ಪೂರ್ತಿ ವಹಿವಾಟು ಬೇಕು. ಈ ಸಂಖ್ಯೆ ದೊಡ್ಡದಾದಷ್ಟೂ ನಾನು ದೂರ ಇರುತ್ತೇನೆ. ಎಲ್ಲರೂ ಒಂದೇ ಬಾಗಿಲಿನ ಕಡೆ ಓಡುವ ದಿನ ಅಲ್ಲಿ ನಿಂತಿರಬಾರದು.

ಅಂಥ ದಿನ ಹೇಗಿರುತ್ತದೆ ಎಂಬುದಕ್ಕೆ ಜರ್ಮನಿಯ ಕಾರು ಕಂಪನಿ ಫೋಕ್ಸ್‌ವ್ಯಾಗನ್‌ನ ಕಥೆಯೇ ಸಾಕು. 2008ರ ಅಕ್ಟೋಬರ್ 26, ಭಾನುವಾರ. ಫೋಕ್ಸ್‌ವ್ಯಾಗನ್‌ನ ಶೇ 42.6ರಷ್ಟು ಷೇರು ತನ್ನ ಕೈಯಲ್ಲಿದೆ, ಇನ್ನೂ ಶೇ 31.5ಕ್ಕೆ ಆಪ್ಷನ್, ಅಂದರೆ ಮೊದಲೇ ಗೊತ್ತುಮಾಡಿದ ಬೆಲೆಯ ಒಪ್ಪಂದ, ಇದೆ ಎಂದು ಇನ್ನೊಂದು ಕಾರು ಕಂಪನಿ ಪೋರ್ಷೆ ಹೇಳಿತು. ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯದ ಬಳಿ ಶೇ 20ರಷ್ಟಿತ್ತು. ಪೇಟೆಯಲ್ಲಿ ಉಳಿದದ್ದು ಶೇ 6ರ ಆಸುಪಾಸು, ಶಾರ್ಟ್ ಆಗಿದ್ದು ಅದರ ಸುಮಾರು ಎರಡರಷ್ಟು. ಸಾಲ ತೀರಿಸಲು ಷೇರೇ ಇಲ್ಲ! ಶುಕ್ರವಾರ 210 ಯೂರೋ ಆಸುಪಾಸಿನಲ್ಲಿದ್ದ ಬೆಲೆ ಮಂಗಳವಾರ ಒಂದು ಹಂತದಲ್ಲಿ 1,000 ಯೂರೋ ದಾಟಿತು. ಇದನ್ನೇ ಶಾರ್ಟ್ ಸ್ಕ್ವೀಜ್ ಅನ್ನುವುದು. 2021ರ ಜನವರಿಯಲ್ಲಿ ಅಮೆರಿಕದ ವಿಡಿಯೋ ಗೇಮ್ ಅಂಗಡಿಗಳ ಕಂಪನಿ ಗೇಮ್‌ಸ್ಟಾಪ್‌ನ ಷೇರು 20 ಡಾಲರ್‌ಗಿಂತ ಕೆಳಗಿನಿಂದ 483 ಡಾಲರ್‌ವರೆಗೆ ಹೋಗಿದ್ದೂ ಇದೇ ರೀತಿ. ಶಾರ್ಟ್ ಮಾಡಿದವರಲ್ಲಿ ದಡ್ಡರಿರಲಿಲ್ಲ, ದೊಡ್ಡ ಫಂಡ್‌ಗಳೇ ಇದ್ದವು.

ಇಲ್ಲಿ ಒಂದು ಲೆಕ್ಕ ತಲೆಯಲ್ಲಿ ಕೂರಬೇಕು. ಷೇರು ಕೊಂಡರೆ ಹಾಕಿದ ಹಣಕ್ಕಿಂತ ಜಾಸ್ತಿ ಹೋಗುವುದಿಲ್ಲ. ಶಾರ್ಟ್‌ನಲ್ಲಿ ಲಾಭಕ್ಕೆ ಮಿತಿ ಇದೆ, ಬೆಲೆ ಸೊನ್ನೆಗಿಂತ ಕೆಳಗೆ ಹೋಗಲಾರದು. ನಷ್ಟಕ್ಕೆ ಮಿತಿ ಇಲ್ಲ. ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. 100ರ ಬೆಲೆಯಲ್ಲಿ 100 ಷೇರು ಶಾರ್ಟ್ ಮಾಡಿದರೆ ನಿಮ್ಮ ಪೊಸಿಷನ್, ಅಂದರೆ ಇನ್ನೂ ಮುಗಿಸದ ವ್ಯವಹಾರ, 10,000ದ್ದು. ನಿಮ್ಮ ಊಹೆ ಸರಿಯಾಗಿ ಬೆಲೆ 50ಕ್ಕೆ ಇಳಿದರೆ ಅದು 5,000 ಆಗುತ್ತದೆ. ತಪ್ಪಾಗಿ 150ಕ್ಕೆ ಏರಿದರೆ 15,000. ಅಂದರೆ ತಪ್ಪಾದಾಗಲೇ ಹೊರೆ ಬೆಳೆಯುತ್ತದೆ. ಬ್ರೋಕರ್ ಇನ್ನಷ್ಟು ಮಾರ್ಜಿನ್, ಅಂದರೆ ಭದ್ರತೆಗೆ ಇಡುವ ಹಣ, ಕೇಳುತ್ತಾರೆ, ಕೊಡದಿದ್ದರೆ ಅವರೇ ಆ ಬೆಲೆಗೆ ಕೊಂಡು ಮುಗಿಸುತ್ತಾರೆ. ಅದಕ್ಕೇ ಹೇಳುವುದು, ಏರುತ್ತಿರುವ ಷೇರನ್ನು 'ಇನ್ನೂ ದುಬಾರಿ ಆಯಿತಲ್ಲ' ಅಂತ ಮತ್ತೆ ಮತ್ತೆ ಶಾರ್ಟ್ ಮಾಡಬೇಡಿ.

ಹಾಗಾದರೆ ಎಷ್ಟು ಷೇರು? ನನ್ನ ಪ್ರಕಾರ ಇಡೀ ಟ್ರೇಡಿಂಗ್‌ನಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ, ಆದರೂ ಜನ ಚಾರ್ಟ್ ನೋಡುತ್ತಾ ಗಂಟೆಗಟ್ಟಲೆ ಕೂತು ಇದನ್ನು ಮಾತ್ರ ಕೊನೆಯ ಅರ್ಧ ನಿಮಿಷದಲ್ಲಿ ತೀರ್ಮಾನಿಸುತ್ತಾರೆ. ಖಾತೆಯಲ್ಲಿ 1,00,000 ಇದೆ ಅನ್ನಿ. ಒಂದು ವ್ಯವಹಾರದಲ್ಲಿ ಶೇ 1, ಅಂದರೆ 1,000ಕ್ಕಿಂತ ಜಾಸ್ತಿ ಕಳೆದುಕೊಳ್ಳಬಾರದು. ಷೇರು 200ರಲ್ಲಿದೆ. 208 ದಾಟಿದರೆ ನಿಮ್ಮ ಊಹೆ ತಪ್ಪು ಅಂತ ಚಾರ್ಟ್ ಹೇಳುತ್ತಿದೆ. ಒಂದು ಷೇರಿಗೆ 8 ನಷ್ಟ. 1,000ವನ್ನು 8ರಿಂದ ಭಾಗಿಸಿ, 125 ಷೇರು. ಅಂದುಕೊಂಡ ಬೆಲೆಗೇ ಹೊರಬರುತ್ತೀರಿ ಅನ್ನುವ ಖಾತ್ರಿ ಇಲ್ಲ, ಹಾಗಾಗಿ 110 ಇಟ್ಟುಕೊಳ್ಳಿ. ಈ ಮೂರು ಸಂಖ್ಯೆ, ಮಾರುವ ಬೆಲೆ, ಹೊರಬರುವ ಬೆಲೆ, ಷೇರುಗಳ ಸಂಖ್ಯೆ, ಆರ್ಡರ್ ಹಾಕುವ ಮೊದಲೇ ಕಾಗದದ ಮೇಲೆ ಬರೆಯಿರಿ. ಯಾಕೆ ಶಾರ್ಟ್ ಮಾಡುತ್ತಿದ್ದೀರಿ ಅನ್ನುವುದನ್ನೂ ಒಂದು ಸಾಲಿನಲ್ಲಿ ಬರೆಯಿರಿ. 'ತುಂಬಾ ಏರಿದೆ' ಅನ್ನುವುದು ಕಾರಣ ಅಲ್ಲ.

ಆರ್ಡರ್ ಹಾಕುವಾಗ ಲಿಮಿಟ್ ಆರ್ಡರ್‌ನಲ್ಲೇ, ಅಂದರೆ ಇದಕ್ಕಿಂತ ಕಡಿಮೆಗೆ ಬೇಡ ಎಂದು ಬೆಲೆ ಗೊತ್ತುಮಾಡಿ, ಮಾರಿ. ಮಾರಿದ ಕೂಡಲೇ ಸ್ಟಾಪ್ ಲಾಸ್, ಅಂದರೆ ನಷ್ಟವನ್ನು ತಡೆಯುವ ಆರ್ಡರ್, ಹಾಕಿ. ಶಾರ್ಟ್‌ಗೆ ಸ್ಟಾಪ್ ಲಾಸ್ ಅಂದರೆ ಮೇಲಿನ ಬೆಲೆಯಲ್ಲಿ *ಕೊಳ್ಳುವ* ಆರ್ಡರ್. ಕೊಂಡು ಮಾರುವ ಅಭ್ಯಾಸ ಇರುವವರು ಇಲ್ಲಿ ಕೈತಪ್ಪಿ ಮಾರುವ ಆರ್ಡರ್ ಹಾಕಿ ಪೊಸಿಷನ್ ಎರಡರಷ್ಟು ಮಾಡಿಕೊಳ್ಳುತ್ತಾರೆ. ಒತ್ತುವ ಮೊದಲು ಇನ್ನೊಮ್ಮೆ ಓದಿ.

ಆದರೆ ಸ್ಟಾಪ್ ಲಾಸ್ ಕೆಲಸ ಮಾಡುವುದು ಪೇಟೆ ತೆರೆದಿರುವಾಗ ಮಾತ್ರ. ಒಮ್ಮೆ ನಾನು ಒಂದು ಕಂಪನಿಯ ಫಲಿತಾಂಶ ಕೆಟ್ಟದಾಗಿ ಬರುತ್ತದೆ ಎಂದು ಹಿಂದಿನ ದಿನ ಶಾರ್ಟ್ ಮಾಡಿ ರಾತ್ರಿ ಹಾಗೇ ಬಿಟ್ಟೆ. ಸ್ಟಾಪ್ ಲಾಸ್ ಶೇ 4ರಷ್ಟು ಮೇಲಿತ್ತು. ಫಲಿತಾಂಶ ನಿಜಕ್ಕೂ ಕೆಟ್ಟದಾಗಿಯೇ ಬಂತು! ಆದರೆ ಪೇಟೆ ಇನ್ನೂ ಕೆಟ್ಟದ್ದನ್ನು ನಿರೀಕ್ಷಿಸಿತ್ತು, ಬೆಳಿಗ್ಗೆ ಷೇರು ಶೇ 13ರಷ್ಟು ಮೇಲೆ ತೆರೆಯಿತು, ನನ್ನ ಆರ್ಡರ್ ಅಲ್ಲೇ ಕೊಂಡಿತು. ಬರೆದಿಟ್ಟ ನಷ್ಟದ ಮೂರು ಪಟ್ಟಿಗಿಂತ ಜಾಸ್ತಿ ಹೋಯಿತು. ಅವತ್ತಿನಿಂದ ಫಲಿತಾಂಶದ ರಾತ್ರಿ ಯಾವ ಶಾರ್ಟನ್ನೂ ಉಳಿಸಿಕೊಂಡಿಲ್ಲ, ನೀವೂ ಉಳಿಸಿಕೊಳ್ಳಬೇಡಿ.

ರಾತ್ರಿ ದಾಟಿಸಿ ಇಟ್ಟುಕೊಳ್ಳುವುದೇ ಆದರೆ ಇನ್ನೆರಡು ಖರ್ಚು ಗೊತ್ತಿರಲಿ. ಸುಲಭವಾಗಿ ಸಿಗದ ಷೇರಿಗೆ ಸಾಲದ ಬಡ್ಡಿ ಹಠಾತ್ತಾಗಿ ಏರುತ್ತದೆ. ನಡುವೆ ಕಂಪನಿ ಡಿವಿಡೆಂಡ್, ಅಂದರೆ ಲಾಭದ ಪಾಲು, ಕೊಟ್ಟರೆ, ಆ ಮೊತ್ತವನ್ನು ಷೇರಿನ ಮೂಲ ಮಾಲೀಕರಿಗೆ ನೀವೇ ತುಂಬಿಕೊಡಬೇಕು. ಸಾಲ ಕೊಟ್ಟವರು ಷೇರು ವಾಪಸ್ ಕೇಳಿದರೆ ನಿಮಗೆ ಬೇಡದ ಹೊತ್ತಿನಲ್ಲೂ ಮುಗಿಸಬೇಕಾಗುತ್ತದೆ.

ಎಷ್ಟು ಸಲ ವ್ಯವಹಾರ ಮಾಡುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಒಂದು ಬ್ರೋಕರ್‌ನ 66,465 ಕುಟುಂಬಗಳ 1991ರಿಂದ 1996ರವರೆಗಿನ ಖಾತೆಗಳನ್ನು ಬಾರ್ಬರ್ ಮತ್ತು ಓಡಿಯನ್ ಎಂಬ ಅರ್ಥಶಾಸ್ತ್ರಜ್ಞರು ನೋಡಿದರು. ಪೇಟೆ ವರ್ಷಕ್ಕೆ ಶೇ 17.9 ಗಳಿಸಿದಾಗ, ಅತಿ ಹೆಚ್ಚು ಕೊಂಡು ಮಾರಿದವರು ಗಳಿಸಿದ್ದು ಶೇ 11.4. ಸುಮ್ನೆ ಕೂರುವುದಕ್ಕೂ ಬೆಲೆ ಇದೆ, ಅಲ್ವಾ? ಕಾರಣ ಬರೆಯಲು ಆಗದ ದಿನ ಏನೂ ಮಾಡಬೇಡಿ.

ಇನ್ನು ಹೊರಬರುವುದು. ಬೆಲೆ ನಿಮ್ಮ ಕಡೆ ಇಳಿದರೆ ಅರ್ಧ ಷೇರು ಕೊಂಡು ಕವರ್ ಮಾಡಿ, ಉಳಿದರ್ಧದ ಸ್ಟಾಪ್ ಲಾಸನ್ನು ನೀವು ಮಾರಿದ ಬೆಲೆಗೆ ಇಳಿಸಿ. ಸ್ಟಾಪ್ ಲಾಸನ್ನು ಕೆಳಗೆ ತರಬಹುದು, ಮೇಲಕ್ಕೆ ಎಂದೂ ಸರಿಸಬಾರದು. ಆರ್ಡರ್‌ನ ಷೇರು ಸಂಖ್ಯೆಯನ್ನೂ ಅರ್ಧಕ್ಕೆ ಇಳಿಸಲು ಮರೆಯಬೇಡಿ. ಪೂರ್ತಿ ಮುಗಿಸಿದ ಮೇಲೆ ಆರ್ಡರ್ ಪಟ್ಟಿ ತೆರೆದು ಹಳೆಯ ಸ್ಟಾಪ್ ಲಾಸ್ ರದ್ದಾಗಿದೆಯಾ ನೋಡಿ. ಅದು ಹಾಗೇ ಉಳಿದಿದ್ದರೆ, ಬೆಲೆ ಏರಿದಾಗ ನಿಮಗೆ ಬೇಡದ ಷೇರನ್ನು ನಿಮ್ಮ ಹೆಸರಿನಲ್ಲಿ ಕೊಂಡುಬಿಡುತ್ತದೆ.